ಕತ್ತಿ ಹಿಡಿದವರು, ಹೆಣ ಎತ್ತಿದವರು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಚಿತ್ರಗಳನ್ನು ನೋಡುವವರು ಜಾಸ್ತಿ ಇದ್ದೀರಿ. ಅದರ ಬಗ್ಗೆ ಪಾಡ್‌ಕಾಸ್ಟ್ ಮಾಡುವವರೂ ಇದ್ದೀರಿ. ಅಂಥ ಪಾಡ್‌ಕಾಸ್ಟ್‌ಗಳನ್ನು ನಾನು ಇಷ್ಟಪಟ್ಟು ಕೇಳುತ್ತೇನೆ. ಯಾವ ಪಟ್ಟು ಯಾವ ಪರಂಪರೆಯದು, ಒರೆಯಿಂದ ಕತ್ತಿ ಎಳೆಯುವಾಗಲೇ ಕಡಿಯುವ ವಿದ್ಯೆ ಹೇಗೆ ಕೆಲಸ ಮಾಡುತ್ತದೆ, ಶಿನ್‌ಸೆನ್‌ಗುಮಿ ಅನ್ನೋ ಕತ್ತಿವರಸೆಯವರ ಪಡೆಯಲ್ಲಿ ಯಾರು ಎಲ್ಲರಿಗಿಂತ ಗಟ್ಟಿಗ, ಹೀಗೆ ಗಂಟೆಗಟ್ಟಲೆ ಮಾತು ನಡೆಯುತ್ತದೆ. ಕಾಳಗ ಮುಗಿದ ಮೇಲೆ ಬಿದ್ದ ಹೆಣಗಳನ್ನು ಯಾರು ಎತ್ತಿದರು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಜಪಾನಿನ ಸಮುರಾಯ್ ಕಾಲದ ಕೊನೆಯ ವರ್ಷಗಳ ದೊಡ್ಡ ಧೈರ್ಯದ ಕಥೆ ಇರುವುದೇ ಅಲ್ಲಿ. ಇವತ್ತು ಅದನ್ನೇ ಹೇಳುತ್ತೇನೆ.

ನಿಮಗೆ ಗೊತ್ತಿರುವಲ್ಲಿಂದಲೇ ಶುರು ಮಾಡೋಣ. ರುರೌನಿ ಕೆನ್ಶಿನ್, ಅಲೆದಾಡುವ ಕತ್ತಿವರಸೆಗಾರನೊಬ್ಬನ ಕಥೆ. ಅವನ ಹಿಂದಿನ ಜೀವನ ಹೇಳುವ 1999ರ ಅನಿಮೆ ಇದೆಯಲ್ಲ, ಅದರ ಆರಂಭ ನೆನಪು ಮಾಡಿಕೊಳ್ಳಿ. ಶಿಂತಾ ಅನ್ನೋ ಅನಾಥ ಹುಡುಗ, ಮುಂದೆ ಕೆನ್ಶಿನ್ ಆಗುವವನು. ಮನುಷ್ಯರನ್ನು ಮಾರುವವರು ಅವನನ್ನು ಕರೆದುಕೊಂಡು ಹೋಗುತ್ತಿರುತ್ತಾರೆ. ದಾರಿಯಲ್ಲಿ ದರೋಡೆಕೋರರು ಎರಗಿ ಎಲ್ಲರನ್ನೂ ಕೊಲ್ಲುತ್ತಾರೆ. ಹಿಕೋ ಅನ್ನೋ ಕತ್ತಿವರಸೆಯವನು ಬಂದು ದರೋಡೆಕೋರರನ್ನು ಮುಗಿಸಿ, ಹುಡುಗ ಎಲ್ಲೋ ಹಳ್ಳಿ ಸೇರಿಕೊಳ್ಳುತ್ತಾನೆ ಅಂತ ಹೊರಟುಬಿಡುತ್ತಾನೆ. ಆಮೇಲೆ ಮತ್ತೆ ಬಂದು ನೋಡಿದರೆ ಆ ಪುಟ್ಟ ಹುಡುಗ ಸಾಲು ಸಾಲು ಗೋರಿ ಮಾಡಿದ್ದಾನೆ. ತನ್ನನ್ನು ಕಾಪಾಡಲು ಹೋಗಿ ಸತ್ತ ಹೆಣ್ಣುಮಕ್ಕಳಿಗೆ ಮಾತ್ರ ಮಾಡಿದ್ದರೆ ಅದು ಬೇರೆ ಮಾತು. ತನ್ನನ್ನು ಮಾರಲು ಹೊರಟವರನ್ನೂ ಕೊಲ್ಲಲು ಬಂದವರನ್ನೂ ಅವನು ಮಣ್ಣು ಮಾಡಿದ್ದಾನೆ. ಸತ್ತ ಮೇಲೆ ಎಲ್ಲರೂ ಬರೀ ಹೆಣ ತಾನೇ ಅನ್ನುತ್ತಾನೆ. ಹಿಕೋ ಅವನನ್ನು ಶಿಷ್ಯ ಮಾಡಿಕೊಳ್ಳುವುದು ಅದನ್ನು ಕಂಡ ಮೇಲೆ. ಆಗಿನ್ನೂ ಹುಡುಗನಿಗೆ ಕತ್ತಿ ಹಿಡಿಯಲೂ ಬರುತ್ತಿರಲಿಲ್ಲ.

ಇದು ಕಟ್ಟುಕಥೆ. ಆದರೆ ಇದೇ ಕೆಲಸವನ್ನು, ಹೆಚ್ಚುಕಡಿಮೆ ಇದೇ ಮಾತು ಹೇಳಿ, ನಿಜವಾಗಿ ಮಾಡಿದವರು ಇದ್ದರು. ಅದೂ ಆ ಕಥೆ ನಡೆಯುವ ಕಾಲದಲ್ಲೇ.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. 1868ರ ಜನವರಿಯಲ್ಲಿ ಕ್ಯೋಟೋ ಹತ್ತಿರ ತೋಬಾ, ಫುಶಿಮಿಯಲ್ಲಿ ಯುದ್ಧ ಶುರುವಾಯಿತು. ಒಂದು ಕಡೆ ಚಕ್ರವರ್ತಿಯ ಹೆಸರಿನಲ್ಲಿ ಸತ್ಸುಮಾ, ಚೋಶು ಪ್ರಾಂತ್ಯದವರು. ಇನ್ನೊಂದು ಕಡೆ ಅಲ್ಲಿವರೆಗೆ ದೇಶ ಆಳಿದ ಸೇನಾಧಿಪತಿಗಳಾದ ತೊಕುಗಾವಾ ಶೋಗುನರ ಕಡೆಯವರು. 1869ರ ಜೂನ್‌ನಲ್ಲಿ ಉತ್ತರದ ಹಾಕೋದಾತೆಯಲ್ಲಿ ಅದು ಮುಗಿಯಿತು. ಶೋಗುನರ ಕಡೆಯವರು ಸೋತರು. ಸೋತವರ ಮೇಲೆ ಬಿದ್ದ ಹೆಸರು ರಾಜದ್ರೋಹಿಗಳು. ನೀವು ಅನಿಮೆಯಲ್ಲಿ ನೋಡುವ ಶಿನ್‌ಸೆನ್‌ಗುಮಿ ಇದೇ ಸೋತ ಕಡೆ. ನಾಯಕ ಕೊಂದೋ ಇಸಾಮಿಯ ತಲೆ ಕಡಿದು ಕ್ಯೋಟೋದ ನದಿ ದಡದಲ್ಲಿ ಜನರಿಗೆ ಕಾಣುವಂತೆ ಇಟ್ಟರು. ಒಕಿತಾ ಸೋಜಿ ಕ್ಷಯದಿಂದ ತೀರಿಕೊಂಡ. ಹಿಜಿಕಾತಾ ತೋಶಿಝೋ ಹಾಕೋದಾತೆಯಲ್ಲಿ ಗುಂಡು ತಗುಲಿ ಸತ್ತ, ಅವನ ದೇಹ ಎಲ್ಲಿ ಹೂತಿದೆ ಅನ್ನೋದು ಇವತ್ತಿಗೂ ಖಚಿತವಿಲ್ಲ.

ಗೆದ್ದವರು ತಮ್ಮ ಕಡೆ ಸತ್ತವರಿಗಾಗಿ 1869ರಲ್ಲೇ ಟೋಕಿಯೋದಲ್ಲಿ ಒಂದು ಗುಡಿ ಕಟ್ಟಿದರು. 1879ರಲ್ಲಿ ಅದಕ್ಕೆ ಯಾಸುಕುನಿ ಅಂತ ಹೆಸರಾಯಿತು. ಅಲ್ಲಿ ಶೋಗುನರ ಪರ ಹೋರಾಡಿ ಸತ್ತವರಿಗೆ ಜಾಗವಿಲ್ಲ. ಅಂದರೆ ಅದೇ ಯುದ್ಧ, ಅದೇ ಕತ್ತಿ, ಅದೇ ಬಂದೂಕು, ಒಬ್ಬನಿಗೆ ಪೂಜೆ, ಇನ್ನೊಬ್ಬ ಬಿದ್ದಲ್ಲೇ ಬಿದ್ದಿದ್ದಾನೆ, ಮುಟ್ಟಿದರೆ ನಮ್ಮನ್ನೂ ದ್ರೋಹಿ ಅಂದಾರು ಅಂತ ಊರವರು ಹತ್ತಿರವೂ ಸುಳಿಯುವುದಿಲ್ಲ.

ಉಎನೋ ಬೆಟ್ಟ ನೋಡಿ. ಈಗ ಟೋಕಿಯೋಗೆ ಹೋದವರೆಲ್ಲ ಚೆರ್ರಿ ಹೂ ನೋಡಲು ಹೋಗುವ ಪಾರ್ಕ್ ಅದು. 1868ರ ಜುಲೈ 4ರಂದು ಅಲ್ಲಿ ಶೋಗಿತಾಯ್ ಅನ್ನೋ ಶೋಗುನ್ ಪರ ಪಡೆ ಒಂದೇ ದಿನದಲ್ಲಿ ನೆಲಕಚ್ಚಿತು. ಕೆರೆಯ ಆಚೆ ದಡದಿಂದ ಆರ್ಮ್‌ಸ್ಟ್ರಾಂಗ್ ಫಿರಂಗಿ ಹಾರಿಸಿದರು, ಕತ್ತಿವರಸೆ ಅಲ್ಲಿ ಏನೂ ನಡೆಯಲಿಲ್ಲ. ಬೇಸಿಗೆ ಬೇರೆ. ಹೆಣಗಳು ಹಾಗೇ ಬಿದ್ದಿದ್ದವು. ಆಗ ಮಿನೋವಾ ಅನ್ನೋ ಕಡೆಯ ಎನ್‌ತ್ಸೂಜಿ ದೇವಸ್ಥಾನದ ಬೌದ್ಧ ಗುರು ಬುತ್ಸುಮಾ ಮತ್ತು ಮಿಕಾವಾಯಾ ಕೋಝಾಬುರೋ ಅನ್ನೋ ವ್ಯಾಪಾರಿ ಸೇರಿ 266 ಹೆಣ ಒಟ್ಟು ಮಾಡಿ, ಅಲ್ಲೇ ಸುಟ್ಟು, ಅಸ್ಥಿಯನ್ನು ದೇವಸ್ಥಾನಕ್ಕೆ ಒಯ್ದರು. ಆಮೇಲೆ ಸೋತವರಿಗೆ ಬಹಿರಂಗವಾಗಿ ಶ್ರಾದ್ಧ ಮಾಡಬಹುದಾದ ಜಾಗ ಅಂತ ಎನ್‌ತ್ಸೂಜಿ ಹೆಸರಾಯಿತು. ಉಎನೋದ ಹಳೇ ಕಪ್ಪು ಹೆಬ್ಬಾಗಿಲನ್ನು 1907ರಲ್ಲಿ ಅಲ್ಲಿಗೇ ಸಾಗಿಸಿದರು. ಇವತ್ತಿಗೂ ಅದರ ಮರದ ಕಂಬಗಳಲ್ಲಿ ಗುಂಡು ಹೊಕ್ಕ ತೂತುಗಳಿವೆ. ಬೆರಳು ತೂರುವಷ್ಟು ದೊಡ್ಡವು. ಟೋಕಿಯೋಗೆ ಹೋಗುವ ಅನಿಮೆ ಪ್ರಿಯರು ಅಕಿಹಾಬಾರಾದಲ್ಲಿ ಗೊಂಬೆ ಕೊಳ್ಳುವುದರ ಜೊತೆಗೆ ದಯವಿಟ್ಟು ಅಲ್ಲಿಗೂ ಹೋಗಿ ಬನ್ನಿ, ಜಾಸ್ತಿ ದೂರವಿಲ್ಲ.

ಉಎನೋ ಪಾರ್ಕಿನಲ್ಲೂ ಶೋಗಿತಾಯ್‌ನವರ ಸಮಾಧಿ ಇದೆ. ದೊಡ್ಡ ಕಲ್ಲಿನ ಮೇಲೆ ಯುದ್ಧದಲ್ಲಿ ಸತ್ತವರ ಸಮಾಧಿ ಅಂತಷ್ಟೇ ಕೆತ್ತಿದ್ದಾರೆ. ಪಡೆಯ ಹೆಸರೇ ಇಲ್ಲ, ಸರ್ಕಾರದ ಭಯ ಅಷ್ಟಿತ್ತು. ಆ ಅಕ್ಷರ ಬರೆದುಕೊಟ್ಟವನು ಯಾಮಾಓಕಾ ತೆಶ್ಶು. ಕತ್ತಿವರಸೆಯ ಚರಿತ್ರೆ ಓದಿದವರಿಗೆ ಈ ಹೆಸರು ಗೊತ್ತಿರಬೇಕು. ಆ ಕಾಲದ ದೊಡ್ಡ ಕತ್ತಿವರಸೆಗಾರ, ಝೆನ್ ಸಾಧಕ. ನಮ್ಮ ಕಥೆಯಲ್ಲಿ ಅವನು ಮತ್ತೆ ಬರುತ್ತಾನೆ.

ಈಗ ನನಗೆ ತುಂಬಾ ಇಷ್ಟವಾದ ಪ್ರಸಂಗ. ಕಾನ್‌ರಿನ್ ಮಾರು ಅಂತ ಒಂದು ಹಡಗು. 1860ರಲ್ಲಿ ಪೆಸಿಫಿಕ್ ದಾಟಿ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿತ್ತು, ಜಪಾನಿನ ಹೆಮ್ಮೆ ಅದು. 1868ರಲ್ಲಿ ಶೋಗುನರ ಕಡೆಯ ಹಡಗುಗಳ ಜೊತೆ ಉತ್ತರಕ್ಕೆ ಹೊರಟಾಗ ಬಿರುಗಾಳಿಗೆ ಸಿಕ್ಕಿ ಶಿಮಿಝು ಬಂದರಿಗೆ ಬಂತು. ಹೊಸ ಸರ್ಕಾರದ ಹಡಗುಗಳು ಅಲ್ಲಿಗೇ ಬಂದು ಅದರ ಮೇಲೆ ಬಿದ್ದವು. ಹಡಗಿನಲ್ಲಿದ್ದವರನ್ನು ಕೊಂದು ಹೆಣಗಳನ್ನು ಸಮುದ್ರಕ್ಕೆ ಎಸೆದರು. ಅವು ಬಂದರಿನ ನೀರಿನಲ್ಲೇ ತೇಲುತ್ತಿದ್ದವು. ಮೀನುಗಾರರು ಮುಟ್ಟಲಿಲ್ಲ. ಪಾಪ, ಅವರದೇನು ತಪ್ಪು? ದೊಡ್ಡವರ ಜಗಳದಲ್ಲಿ ತಲೆ ಹೋಗುವುದು ಅವರದೇ ಅಲ್ವಾ?

ಆಗ ಮುಂದೆ ಬಂದವನು ಶಿಮಿಝು ನೋ ಜಿರೋಚೋ. ಗುರುವೂ ಅಲ್ಲ, ಸಮುರಾಯ್ ಕೂಡ ಅಲ್ಲ. ಜೂಜುಕೋರರ ದೊಡ್ಡ ಗುಂಪಿನ ಯಜಮಾನ, ಹೊಡೆದಾಟ ಬಡಿದಾಟದಲ್ಲೇ ಹೆಸರು ಮಾಡಿದವನು. ದೋಣಿ ಬಿಡಿಸಿ, ಏಳು ಹೆಣ ಎತ್ತಿಸಿ, ದಡದಲ್ಲಿ ಹೂಳಿಸಿದ. ರಾಜದ್ರೋಹಿಗಳನ್ನು ಯಾಕೆ ಹೂಳಿದೆ ಅಂತ ವಿಚಾರಣೆಗೆ ಕರೆದರು. ಸತ್ತ ಮೇಲೆ ಎಲ್ಲರೂ ಬುದ್ಧರೇ, ಬುದ್ಧರಲ್ಲಿ ಸರ್ಕಾರದ ಕಡೆ, ದ್ರೋಹಿಗಳ ಕಡೆ ಅಂತ ಎಲ್ಲಿದೆ ಅನ್ನೋ ಅರ್ಥದ ಮಾತು ಅವನು ಹೇಳಿದ ಅಂತ ಪ್ರತೀತಿ. ಶಿಂತಾ ಹೇಳಿದ್ದೂ ಇದನ್ನೇ. ಜಿರೋಚೋನ ಈ ಕೆಲಸ ತೆಶ್ಶು ಮನಸ್ಸಿಗೆ ನಾಟಿತು. ಸಮಾಧಿಯ ಕಲ್ಲಿಗೆ ಅಕ್ಷರ ಬರೆದುಕೊಟ್ಟ. ಇಬ್ಬರೂ ಕೊನೆಯವರೆಗೆ ಸ್ನೇಹಿತರಾಗಿದ್ದರು. 1883ರಲ್ಲಿ ತೆಶ್ಶು ಆ ಕಾಲದ ಗಲಭೆ, ಯುದ್ಧಗಳಲ್ಲಿ ಸತ್ತವರ ಸಲುವಾಗಿ ಟೋಕಿಯೋದ ಯಾನಾಕಾದಲ್ಲಿ ಝೆನ್‌ಶೋಆನ್ ಅನ್ನೋ ದೇವಸ್ಥಾನವನ್ನೇ ಕಟ್ಟಿಸಿದ.

ಹಾಕೋದಾತೆಯಲ್ಲೂ ಹೀಗೇ ಆಯಿತು. ಯಾನಾಗಾವಾ ಕುಮಾಕಿಚಿ ಅಂತ ಇದ್ದ, ಅವನೂ ಜಿರೋಚೋ ತರಹದ ಯಜಮಾನ. ಬೀದಿಯಲ್ಲಿ ಬಿದ್ದ ಶೋಗುನ್ ಪಡೆಯವರ ಹೆಣಗಳನ್ನು ತನ್ನ ಕಡೆಯವರಿಂದ ಎತ್ತಿಸಿ, ದೇವಸ್ಥಾನಗಳಲ್ಲಿ ಹೂಳಿಸಿದ. ಹಿಡಿದರು. ಇನ್ನೇನು ತಲೆ ಹೋಗಬೇಕಿತ್ತು, ಗೆದ್ದ ಕಡೆಯ ಅಧಿಕಾರಿಯೇ ಒಬ್ಬ ಇಂಥವನನ್ನು ಕೊಲ್ಲಬಾರದು ಅಂತ ಬಿಡಿಸಿದ. 1874ರಲ್ಲಿ ಸರ್ಕಾರ ಸೋತವರಿಗೂ ಶ್ರಾದ್ಧ ಮಾಡಬಹುದು ಅಂತ ಒಪ್ಪಿತು. ಮರುವರ್ಷ ಹಾಕೋದಾತೆ ಬೆಟ್ಟದ ತಪ್ಪಲಲ್ಲಿ ಹೆಕ್ಕೆತ್ಸುಹಿ ಅನ್ನೋ ಸ್ಮಾರಕ ಎದ್ದಿತು. ಸುಮಾರು 800 ಜನರ ನೆನಪಿಗೆ. ಹಿಜಿಕಾತಾನ ಅಭಿಮಾನಿಗಳು ಈಗಲೂ ಅಲ್ಲಿ ಹೂ ಇಟ್ಟು ಬರುತ್ತಾರೆ.

ಶೋಗುನರ ಪರ ಕಾದಿ ಸೋತ ಐಝು ಪ್ರಾಂತ್ಯದ ಬಗ್ಗೆ ಸ್ವಲ್ಪ ಎಚ್ಚರದಿಂದ ಮಾತಾಡಬೇಕು. ಗೆದ್ದವರು ಐಝು ಯೋಧರ ಹೆಣಗಳನ್ನು ಚಳಿಗಾಲವಿಡೀ ಹೂಳಲು ಬಿಡಲಿಲ್ಲ, ನಾಯಿ ನರಿ ಪಾಲಾಯಿತು ಅಂತ ಬಹಳ ಕಾಲ ಹೇಳಿಕೊಂಡು ಬಂದಿದ್ದಾರೆ. ಆ ಊರಿನ ಸಿಟ್ಟಿಗೆ ಅದೂ ಒಂದು ಕಾರಣ. 2016ರಲ್ಲಿ ಒಂದು ಹಳೇ ಲೆಕ್ಕದ ಪುಸ್ತಕ ಬೆಳಕಿಗೆ ಬಂತು. ಕೋಟೆ ಶರಣಾದ ಹತ್ತು ದಿನಗಳಲ್ಲೇ ಹೂಳುವ ಕೆಲಸ ಶುರುವಾಗಿತ್ತು, 567 ಹೆಣಗಳನ್ನು ಹೂಳಿದ್ದರು ಅಂತ ಅದರಲ್ಲಿದೆ. ಯಾವ ಹೆಣ ಎಲ್ಲಿ ಸಿಕ್ಕಿತು, ಮೈಮೇಲೆ ಯಾವ ಬಟ್ಟೆ ಇತ್ತು ಅಂತ ಕೂಡ ಬರೆದಿಟ್ಟಿದ್ದಾರೆ. ಖರ್ಚಿನ ಲೆಕ್ಕ ಬರೆಯುವ ಯಾರೋ ಗುಮಾಸ್ತ, ಮುಂದೆ ಯಾರಾದರೂ ಮನೆಯವರು ಹುಡುಕಿಕೊಂಡು ಬಂದಾರು ಅಂತ ಆ ಬಟ್ಟೆಯ ವಿವರವನ್ನೂ ಬರೆದಿರಬಹುದು. ಹಳೇ ಕಥೆ ಬಿಡಲು ಮನಸ್ಸಿಲ್ಲದವರು ಇನ್ನೂ ಇದ್ದಾರೆ. ಆದರೆ ನೀವು ಪಾಡ್‌ಕಾಸ್ಟ್‌ನಲ್ಲಿ ಐಝು ಬಗ್ಗೆ ಮಾತಾಡುವಾಗ ಈ ಪುಸ್ತಕವನ್ನು ಬಿಟ್ಟು ಮಾತಾಡಬೇಡಿ. ಅದೇ ಐಝುವಿನಲ್ಲಿ ನಗಿನಾತಾ ಅನ್ನೋ ಉದ್ದ ಹಿಡಿಯ ಕತ್ತಿ ಹಿಡಿದು ಕಾದಿದ ನಾಕಾನೋ ತಾಕೆಕೋ ಗುಂಡೇಟು ತಿಂದು ಬಿದ್ದಾಗ, ಶತ್ರು ಕೈಗೆ ಸಿಗಬಾರದು ಅಂತ ಅವಳ ತಲೆಯನ್ನು ಒಡಹುಟ್ಟಿದ ತಂಗಿಯೇ ದೇವಸ್ಥಾನಕ್ಕೆ ಒಯ್ದು ಹೂಳಿಸಬೇಕಾಯಿತು. ಇದನ್ನು ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಐಝುವಿನ ಸುಮಾರು 1,300 ಜನರ ದೇಹಗಳನ್ನು ಆಮೇಲೆ ಅಮಿದಾಜಿ ದೇವಸ್ಥಾನದಲ್ಲಿ ಒಟ್ಟಿಗೆ ಇಟ್ಟರು. ಅಲ್ಲೇ ಪಕ್ಕದಲ್ಲಿ ಒಂದು ಸಮಾಧಿಯ ಮೇಲೆ ಫುಜಿತಾ ಮನೆತನ ಅಂತ ಕೆತ್ತಿದೆ. ಅದು ಸೈತೋ ಹಾಜಿಮೆಯದು! ಕೆನ್ಶಿನ್‌ನಲ್ಲಿ ಸಿಗರೇಟು ಸೇದುತ್ತಾ ಬರುವ ಪೊಲೀಸ್ ಸೈತೋ ಇದ್ದಾನಲ್ಲ, ಅವನು ನಿಜವಾದ ಮನುಷ್ಯ, ಶಿನ್‌ಸೆನ್‌ಗುಮಿಯವನು. ಹೆಸರು ಬದಲಿಸಿಕೊಂಡು ಫುಜಿತಾ ಗೋರೋ ಆದ, ಟೋಕಿಯೋ ಪೊಲೀಸ್ ಸೇರಿದ, 1877ರಲ್ಲಿ ಸತ್ಸುಮಾದವರ ದಂಗೆ ಅಡಗಿಸಲು ಹೋಗಿದ್ದ, 1915ರಲ್ಲಿ ತೀರಿಕೊಂಡ. ಬದುಕಿನ ಬಹುಪಾಲು ಟೋಕಿಯೋದಲ್ಲಿ ಕಳೆದವನು ಮಣ್ಣಾಗಿರುವುದು ಐಝುವಿನಲ್ಲಿ, ತನ್ನ ಜೊತೆ ಕಾದಿ ಸತ್ತವರ ಹತ್ತಿರ. ಅವನ ಜೊತೆಗಾರ ನಾಗಾಕುರಾ ಶಿನ್‌ಪಾಚಿ ಕೂಡ ಅದೇ ವರ್ಷ ಸತ್ತ. ಕೊಂದೋನ ತಲೆ ಕಡಿದ ಟೋಕಿಯೋದ ಇತಾಬಾಶಿಯಲ್ಲಿ ಕೊಂದೋ, ಹಿಜಿಕಾತಾ ಹೆಸರಿನಲ್ಲಿ 1876ರಲ್ಲೇ ಸ್ಮಾರಕ ನಿಲ್ಲಿಸಿದವನು ಇವನೇ. ಈಗ ಅದು ರೈಲ್ವೆ ಸ್ಟೇಷನ್ ಎದುರಿಗೇ ಇದೆ. ಅದೇ 1876ರಲ್ಲಿ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ಸರ್ಕಾರ ನಿಷೇಧಿಸಿತು. ಕೆನ್ಶಿನ್ ಕಥೆ ಶುರುವಾಗುವುದು 1878ರಲ್ಲಿ, ಅದಕ್ಕೇ ಪೊಲೀಸರು ಅವನ ಹಿಂದೆ ಬೀಳುವುದು.

ಹೆಣ ಎತ್ತಿದ ಇವರೆಲ್ಲರಿಗೂ ಈ ಧೈರ್ಯ ಎಲ್ಲಿಂದ ಬಂತು? ನಂಬಿಕೆಯಿಂದ ಅಂತ ನಾನು ಹೇಳುತ್ತೇನೆ. ಕಾಮಾಕುರಾದ ಎಂಗಾಕುಜಿ ದೇವಸ್ಥಾನವನ್ನು ಆಗ ಆಡಳಿತ ನಡೆಸುತ್ತಿದ್ದ ಹೋಜೋ ತೊಕಿಮುನೆ 1282ರಲ್ಲಿ ಕಟ್ಟಿಸಿದ. ಮಂಗೋಲರ ದಾಳಿ ಆಗಷ್ಟೇ ಮುಗಿದಿತ್ತು. ಅಲ್ಲಿ ಪ್ರಾರ್ಥನೆ ನಡೆದದ್ದು ಜಪಾನಿನವರಿಗೂ, ದಾಳಿಗೆ ಬಂದು ಸತ್ತವರಿಗೂ. ಶತ್ರು, ಬಂಧು ಇಬ್ಬರೂ ಸಮ ಅನ್ನೋ ಬೌದ್ಧ ಮಾತು ಆ ನೆಲದಲ್ಲಿ ಅಷ್ಟು ಹಳೆಯದು. ಯುದ್ಧ ಗೆದ್ದವರ ಹೊಸ ಮೇಜಿ ಸರ್ಕಾರ ಬಂದ ಹೊಸದರಲ್ಲಿ ಬೌದ್ಧರಿಗೇ ಕಷ್ಟ ಬಂತು. ಜಪಾನಿನ ಮೂಲ ಧರ್ಮವಾದ ಶಿಂಟೋ ಮತ್ತು ಬೌದ್ಧ ಪೂಜೆಗಳನ್ನು ಬೇರ್ಪಡಿಸಿದರು, ಎಷ್ಟೋ ದೇವಸ್ಥಾನಗಳನ್ನು ಜನ ಒಡೆದು ಹಾಕಿದರು. 1873ರಲ್ಲಿ ಹೆಣ ಸುಡುವುದನ್ನೇ ನಿಷೇಧಿಸಿದರು. ಊರುಗಳಲ್ಲಿ ಹೂಳಲು ಜಾಗ ಸಾಲಲಿಲ್ಲ, ಎರಡು ವರ್ಷದಲ್ಲಿ ನಿಷೇಧ ವಾಪಸ್ ಪಡೆದರು. ಈಗ ಅಲ್ಲಿ ಸತ್ತವರಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ಸುಡುತ್ತಾರೆ.

ಸುಟ್ಟ ಮೇಲೆ ಮನೆಯವರು ಚಾಪ್‌ಸ್ಟಿಕ್ ಹಿಡಿದು ನಿಲ್ಲುತ್ತಾರೆ. ಇಬ್ಬರು ಸೇರಿ ಒಂದೊಂದೇ ಎಲುಬು ಎತ್ತಿ ಮಡಕೆಗೆ ಹಾಕುತ್ತಾರೆ. ಕಾಲಿನಿಂದ ಶುರು, ಮೇಲ್ಮೇಲಕ್ಕೆ ಬರುತ್ತಾ, ಸತ್ತವರು ಮಡಕೆಯೊಳಗೆ ತಲೆಕೆಳಗಾಗಬಾರದು ಅಂತ. ಕುತ್ತಿಗೆಯ ಒಂದು ಎಲುಬು ಧ್ಯಾನಕ್ಕೆ ಕುಳಿತ ಬುದ್ಧನ ಹಾಗೆ ಕಾಣುತ್ತದೆ, ಅದನ್ನು ಕೊನೆಗೆ ಹತ್ತಿರದವರು ಎತ್ತುತ್ತಾರೆ. ಊಟಕ್ಕೆ ಕೂತಾಗ ಒಬ್ಬರ ಚಾಪ್‌ಸ್ಟಿಕ್‌ನಿಂದ ಇನ್ನೊಬ್ಬರ ಚಾಪ್‌ಸ್ಟಿಕ್‌ಗೆ ತಿಂಡಿ ದಾಟಿಸಿದರೆ ಅನಿಮೆಯಲ್ಲಿ ಅಜ್ಜಿಯರು ಗದರುವುದು ಇದಕ್ಕೇ. ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಬಾರದು, ಯಾಕೆಂದರೆ ಸತ್ತವರ ತಲೆದೆಸೆಯಲ್ಲಿ ಇಡುವ ಅನ್ನಕ್ಕೆ ಹಾಗೆ ಚುಚ್ಚುತ್ತಾರೆ.

ಈಗ ಎಲುಬು ಎತ್ತುವವರೇ ಇಲ್ಲದವರು ಜಪಾನಿನಲ್ಲಿ ಜಾಸ್ತಿಯಾಗುತ್ತಿದ್ದಾರೆ. ಮಕ್ಕಳಿಲ್ಲ, ಇದ್ದರೂ ದೂರ, ಮುದುಕರು ಒಬ್ಬರೇ. ಅದಕ್ಕೇ ತಮ್ಮ ಅಂತ್ಯಕ್ರಿಯೆಯ ಏರ್ಪಾಡನ್ನು ತಾವೇ ಮಾಡಿಡುವುದು ಅಲ್ಲಿ ಮಾಮೂಲಾಗಿದೆ. ಅದಕ್ಕೆ ಶುಕಾತ್ಸು ಅನ್ನುತ್ತಾರೆ. ಯಾರಿಗೆ ತಿಳಿಸಬೇಕು, ಯಾವ ದೇವಸ್ಥಾನ, ಸಮಾಧಿ ಎಲ್ಲಿ, ಯಾವ ಫೋಟೋ ಇಡಬೇಕು ಅಂತ ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರೆ. ಯೊಕೊಸುಕಾ ನಗರಸಭೆ ಒಂದು ಒಳ್ಳೇ ಕೆಲಸ ಮಾಡಿತು. ಹೆಸರು ಗೊತ್ತಿದ್ದೂ ಯಾರೂ ಪಡೆಯಲು ಬಾರದ ಅಸ್ಥಿಗಳು ಅಲ್ಲಿ ಹೆಚ್ಚುತ್ತಿದ್ದವು. 2015ರಲ್ಲಿ ನಗರಸಭೆಯೇ, ನೋಡಿಕೊಳ್ಳುವವರಿಲ್ಲದ ಕಡಿಮೆ ಆದಾಯದ ಹಿರಿಯರನ್ನು ಕರೆದು ಮಾತಾಡಿಸಿ, ಅಂತ್ಯಕ್ರಿಯೆ ಮಾಡುವವರ ಜೊತೆ ಮೊದಲೇ ಒಪ್ಪಂದ ಮಾಡಿಸಲು ಶುರು ಮಾಡಿತು. ಆ ಹಿರಿಯರ ಹತ್ತಿರ ಒಂದು ಕಾರ್ಡ್ ಇರುತ್ತದೆ. 2018ರಿಂದ, ಬರೆದಿಟ್ಟ ನೋಟ್‌ಬುಕ್ ಎಲ್ಲಿದೆ, ಸಮಾಧಿ ಎಲ್ಲಿದೆ ಅನ್ನೋದನ್ನು ಯಾವ ನಿವಾಸಿ ಬೇಕಾದರೂ ನಗರಸಭೆಯಲ್ಲಿ ನೋಂದಾಯಿಸಬಹುದು. ಆಸ್ಪತ್ರೆಯಿಂದಲೋ ಪೊಲೀಸರಿಂದಲೋ ಫೋನ್ ಬಂದರೆ ಸಿಬ್ಬಂದಿ ತೆಗೆದು ಹೇಳುತ್ತಾರೆ.

ಜಿರೋಚೋ ಮಾಡಿದ ಕೆಲಸವನ್ನೇ ಒಂದು ಆಫೀಸು ಕೂತು ಮಾಡುತ್ತಿದೆ ಅಂತ ನನಗನ್ನಿಸುತ್ತದೆ. ನಂಬಿಕೆಯ ಬಗ್ಗೆ ಪಾಡ್‌ಕಾಸ್ಟ್ ಮಾಡುವವರು ಬೇರೆ, ಅನಿಮೆ ಬಗ್ಗೆ ಮಾಡುವವರು ಬೇರೆ, ಸಾವಿನ ಬಗ್ಗೆ ಮಾತಾಡುವವರಂತೂ ಬೆರಳೆಣಿಕೆ. ಈ ಮೂವರೂ ಒಂದೇ ಮೈಕ್ ಮುಂದೆ ಕೂತು ಶಿಮಿಝು ಬಂದರಿನ ಆ ಏಳು ಜನರ ಬಗ್ಗೆ ಕನ್ನಡದಲ್ಲಿ ಒಂದು ಗಂಟೆ ಮಾತಾಡಿದರೆ ನಾನಂತೂ ಮೊದಲು ಕೇಳುತ್ತೇನೆ. ನಿಮ್ಮಲ್ಲಿ ಯಾರಾದರೂ ಮಾಡುವ ಮನಸ್ಸಿದ್ದರೆ ಈಗಲೇ ಹೇಳಿ, ನನ್ನ ಹತ್ತಿರ ಇರುವ ಟಿಪ್ಪಣಿ ಎಲ್ಲಾ ಕೊಡುತ್ತೇನೆ. ಪ್ರಶ್ನೆ ಇದ್ದವರು ಕೈ ಎತ್ತಿ.