ಎರಡು ಮತ್ತು ಮೂರು ಕೂಡಿದರೆ ಆರು

ನಮಸ್ಕಾರ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಾವು ಕಂಪ್ಯೂಟರ್ ಆರ್ಗನೈಸೇಶನ್, ಅಂದರೆ ಕಂಪ್ಯೂಟರಿನ ಒಳರಚನೆಯನ್ನು, ಕಲಿಸುತ್ತಿರುವ ಕ್ರಮದ ಬಗ್ಗೆ ನನಗೊಂದು ತಕರಾರಿದೆ. ಅದನ್ನು ಒಂದು ಪಿನ್ನಿನಿಂದ ಶುರುಮಾಡುತ್ತೇನೆ.

ನಮ್ಮ ಲ್ಯಾಬಿನಲ್ಲಿ ವಿದ್ಯಾರ್ಥಿನಿಯೊಬ್ಬಳು 7483 ಎಂಬ ನಾಲ್ಕು ಬಿಟ್ಟಿನ ಆಡರ್ ಐಸಿಯನ್ನು (ನಾಲ್ಕು ಬೈನರಿ ಅಂಕಿಗಳ ಎರಡು ಸಂಖ್ಯೆಗಳನ್ನು ಕೂಡುವ ಚಿಪ್), ಬೆಸುಗೆಯಿಲ್ಲದೆ ವೈರು ಜೋಡಿಸುವ ಬ್ರೆಡ್‌ಬೋರ್ಡಿನ ಮೇಲೆ ಕೂರಿಸಿ ಎರಡಕ್ಕೆ ಮೂರು ಕೂಡಿಸಿದಳು. ಎಲ್‌ಇಡಿಗಳು 0110 ತೋರಿಸಿದವು, ಅಂದರೆ ಆರು. ವೈರುಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸಿದಳು, ಮತ್ತೆ ಆರೇ. ಮುಕ್ಕಾಲು ಗಂಟೆಯ ನಂತರ ಅವಳೇ ಕಂಡುಕೊಂಡಂತೆ, ಒಳಬರುವ ಕ್ಯಾರಿಗೆಂದು, ಅಂದರೆ ಹಿಂದಿನ ಸ್ಥಾನದಿಂದ ಒಯ್ದು ಕೂಡಿಸುವ ಅಂಕಿಗೆಂದು, ಇರುವ 13ನೇ ಪಿನ್ ಯಾವುದಕ್ಕೂ ಜೋಡಣೆಯಾಗದೆ ಖಾಲಿ ಉಳಿದಿತ್ತು, ಮತ್ತು ಟಿಟಿಎಲ್ ಎಂಬ ಈ ಬಗೆಯ ಐಸಿಗಳಲ್ಲಿ ಹಾಗೆ ಬಿಟ್ಟ ಇನ್‌ಪುಟ್ ಸಾಮಾನ್ಯವಾಗಿ 1 ಎಂದೇ ವರ್ತಿಸುತ್ತದೆ. ಆ ಒಂದೂ ಮೊತ್ತಕ್ಕೆ ಸೇರುತ್ತಿತ್ತು. ಅದನ್ನು ಗ್ರೌಂಡಿಗೆ ಸೇರಿಸಿದ ಕೂಡಲೇ ಐದು ಬಂತು.

ಆಮೇಲೆ ಅದೇ ಪಿನ್ನನ್ನು ಬೇಕೆಂದೇ 5 ವೋಲ್ಟಿಗೆ ಸೇರಿಸಿ, ಎರಡನೇ ಸಂಖ್ಯೆಯ ನಾಲ್ಕೂ ಬಿಟ್ಟುಗಳನ್ನು 7486 ಐಸಿಯ ಎಕ್ಸ್‌ಆರ್ ಗೇಟುಗಳಲ್ಲಿ ಉಲ್ಟಾ ಮಾಡಿ (0 ಇದ್ದಲ್ಲಿ 1, 1 ಇದ್ದಲ್ಲಿ 0) ಕೊಡಲು ಹೇಳಿದೆ. ಕೂಡುತ್ತಿದ್ದ ಸರ್ಕ್ಯೂಟ್ ಕಳೆಯತೊಡಗಿತು. ಋಣಸಂಖ್ಯೆಯನ್ನು ಬೈನರಿಯಲ್ಲಿ ಬರೆಯುವ ಟೂಸ್ ಕಾಂಪ್ಲಿಮೆಂಟ್ ಕ್ರಮದಲ್ಲಿ ಬಿಟ್ಟುಗಳನ್ನು ಉಲ್ಟಾ ಮಾಡಿ ‘ಒಂದು ಕೂಡಿಸಿ’ ಎಂದು ಬಾಯಿಪಾಠ ಮಾಡಿದ ಆ ಒಂದು ಎಲ್ಲಿಂದ ಬರುತ್ತದೆ ಎಂಬುದು ಅವಳಿಗೆ ಆವತ್ತು ತಿಳಿಯಿತು.

ಈಗ ಬಹಳ ಕಡೆ ಬ್ರೆಡ್‌ಬೋರ್ಡನ್ನು ಬದಿಗಿಟ್ಟು ನೇರವಾಗಿ ವೆರಿಲಾಗ್, ಅಂದರೆ ಸರ್ಕ್ಯೂಟನ್ನು ಬರಹದಲ್ಲಿ ವರ್ಣಿಸುವ ಭಾಷೆಯನ್ನು, ಶುರುಮಾಡುತ್ತಾರೆ. ವೆರಿಲಾಗ್ ಬೇಡವೆನ್ನುವವನು ನಾನಲ್ಲ. ಆದರೆ ಅದರಲ್ಲಿ ಒಂದು ಪ್ಲಸ್ ಚಿಹ್ನೆ ಬರೆದರೆ ಇಡೀ ಆಡರ್ ಅದರ ಹಿಂದೆ ಅಡಗಿಬಿಡುತ್ತದೆ. ಕ್ಯಾರಿ ಒಂದು ಬಿಟ್ಟಿನಿಂದ ಮುಂದಿನದಕ್ಕೆ ದಾಟಲು ಸಮಯ ಬೇಕು, ದಾಟಿ ಮುಗಿಯುವ ಮೊದಲೇ ಕ್ಲಾಕ್ (ಸರ್ಕ್ಯೂಟಿಗೆ ತಾಳ ಹಾಕುವ ಸಂಕೇತ) ಬಡಿದರೆ, ಉತ್ತರವನ್ನು ಹಿಡಿದಿಡುವ ರಿಜಿಸ್ಟರಿಗೆ ತಪ್ಪು ಬೆಲೆ ಸೇರುತ್ತದೆ ಎಂಬ ಅಳುಕು ವಿದ್ಯಾರ್ಥಿಯಲ್ಲಿ ಹುಟ್ಟುವುದೇ ಇಲ್ಲ. ಎಲ್ಲ ಭಾಗಗಳೂ ಏಕಕಾಲದಲ್ಲಿ ಕೆಲಸ ಮಾಡುವ ಹಾರ್ಡ್‌ವೇರನ್ನು ಅವನು ಸಿ ಪ್ರೋಗ್ರಾಮಿನಂತೆ ಸಾಲುಸಾಲಾಗಿ ಓದುತ್ತಾನೆ. ಆ ಅಭ್ಯಾಸವನ್ನು ಮುಂದೆ ಬಿಡಿಸುವುದು ಬಹಳ ಕಷ್ಟ.

ಕೈಯಲ್ಲಿ ಕಟ್ಟಿದ ಮೇಲೆ ದೊಡ್ಡದಕ್ಕೆ ಹೋಗಲು ದಾರಿಯೂ ಇದೆ. ಇಂಟೆಲ್‌ನ 1978ರ 8086 ಪ್ರೊಸೆಸರಿನ ಬ್ಲಾಕ್ ಚಿತ್ರವನ್ನು ನಕಲು ಮಾಡುವುದಕ್ಕಷ್ಟೇ ನಾವು ಸೀಮಿತರಾಗಬೇಕಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ 2010ರಲ್ಲಿ ಆರಂಭವಾದ ರಿಸ್ಕ್-ಫೈವ್, ಅಂದರೆ ಪ್ರೊಸೆಸರಿನ ಆದೇಶಗಳ ವಿನ್ಯಾಸ, ಎಲ್ಲರಿಗೂ ಮುಕ್ತವಾಗಿದೆ. ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರುಗಳು ನಿಂತಿರುವುದೂ ಅದರ ಮೇಲೆಯೇ. 32 ರಿಜಿಸ್ಟರುಗಳ ಒಂದು ಸರಳ ಕೋರನ್ನು (ಪ್ರೊಸೆಸರಿನ ಲೆಕ್ಕ ಮಾಡುವ ಭಾಗ) ವಿದ್ಯಾರ್ಥಿಗಳ ತಂಡವೊಂದು ಒಂದು ಸೆಮಿಸ್ಟರಿನಲ್ಲಿ, ಬೇಕಾದ ಸರ್ಕ್ಯೂಟಾಗಿ ಹೊಂದಿಸಬಹುದಾದ ಎಫ್‌ಪಿಜಿಎ ಚಿಪ್ಪಿನ ಮೇಲೆ ಓಡಿಸಬಲ್ಲದು.

ಪರೀಕ್ಷೆ ಮಾತ್ರ ಇನ್ನೂ ‘ಅಂದವಾದ ಚಿತ್ರದೊಂದಿಗೆ ವಿವರಿಸಿ’ ಎಂದೇ ಕೇಳುತ್ತಿದೆ. ಅದರ ಬದಲು ಒಂದು ವೈರ್ ತಪ್ಪಿಸಿದ ಬೋರ್ಡನ್ನು ಮುಂದಿಟ್ಟು, ಒಂದು ಮಲ್ಟಿಮೀಟರ್ ಮತ್ತು ಅರ್ಧ ಗಂಟೆ ಕೊಟ್ಟು, ಎರಡು ಮತ್ತು ಮೂರು ಕೂಡಿದರೆ ಆರು ಯಾಕೆ ಬರುತ್ತಿದೆ ಎಂದು ಕೇಳಿ ನೋಡೋಣ.