ಇನ್ನು ಒಂದೇ ಮೇಜು

ನೀವು ಈಗ ನೋಡುತ್ತಿರುವುದು ನಮ್ಮ ಗ್ರಂಥಾಲಯದ ಪರಾಮರ್ಶನ ವಿಭಾಗದ ಗೋಡೆ ಗಡಿಯಾರ. ಕಳೆದ ಆರು ವರ್ಷ ಇದರ ಮುಳ್ಳುಗಳು 12.45ಕ್ಕೆ ಬಂದೊಡನೆ ನಾನು ಕೈಯಲ್ಲಿದ್ದ ಕೆಲಸವನ್ನು ಅರ್ಧಕ್ಕೇ ಬಿಟ್ಟು, ಎರವಲು ಹೋದ ಪುಸ್ತಕಗಳ ದಾಖಲೆಯನ್ನು ಸರಿನೋಡಿ, ಚೀಲವನ್ನು ಹೆಗಲಿಗೇರಿಸುತ್ತಿದ್ದೆ. ಬೆಳಿಗ್ಗೆ 8ರಿಂದ 1ರವರೆಗೆ ಇಲ್ಲಿ ಅರೆಕಾಲಿಕ ಗ್ರಂಥಪಾಲಕಿ. 2ರಿಂದ ರಾತ್ರಿ 8ರವರೆಗೆ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವವಳು. ಇಂದಿನಿಂದ ನಾನು ಇಲ್ಲಿ ಪೂರ್ಣಾವಧಿ ಗ್ರಂಥಪಾಲಕಿ. ಈ ಒಂದು ವಾಕ್ಯವನ್ನು ಧ್ವನಿಮುದ್ರಿಸುವ ಮುನ್ನ ನಾಲ್ಕು ಬಾರಿ ಹೇಳಿ ನೋಡಿದೆ. ನಾಲ್ಕು ಬಾರಿಯೂ ಗಂಟಲು ಕಟ್ಟಿತು.

ದಿನಕ್ಕೆ ಹನ್ನೊಂದು ಗಂಟೆ, ವಾರಕ್ಕೆ ಆರು ದಿನ, ಒಟ್ಟು 66 ಗಂಟೆ. ಲೆಕ್ಕವೇ ಅರ್ಧ ವೃತ್ತಿಯಾಗಿದ್ದರೂ ಈ ಎರಡು ಅಂಕಿಗಳನ್ನು ನಾನು ಬಹಳ ಕಾಲ ಕೂಡಿ ನೋಡಿರಲಿಲ್ಲ. ಗ್ರಂಥಾಲಯದ ಹಾಜರಿ ಪುಸ್ತಕದಲ್ಲಿ ನನ್ನ ವಾರ 30 ಗಂಟೆಯದು, ಕಚೇರಿಯ ಪುಸ್ತಕದಲ್ಲಿ 36 ಗಂಟೆಯದು. ಯಾವ ಕಡೆಯಿಂದ ನೋಡಿದರೂ ನನ್ನ ಹೊರೆ ಹಗುರವೆಂದೇ ಕಾಣುತ್ತಿತ್ತು. ಕೂಡಿದ ಮೊತ್ತವನ್ನು ಬರೆದಿಟ್ಟುಕೊಳ್ಳುತ್ತಿದ್ದುದು ದೇಹ ಮಾತ್ರ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1919ರಲ್ಲಿ, ತನ್ನ ಮೊತ್ತಮೊದಲ ಒಡಂಬಡಿಕೆಯಲ್ಲಿಯೇ, ಕೈಗಾರಿಕೆಗಳಲ್ಲಿನ ದುಡಿಮೆಗೆ ದಿನಕ್ಕೆ 8 ಹಾಗೂ ವಾರಕ್ಕೆ 48 ಗಂಟೆಗಳ ಮಿತಿಯನ್ನು ಇಟ್ಟಿತ್ತು. ಅದೇ ಸಂಘಟನೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟೂ ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟೂ ಹೆಚ್ಚೆಂದು ಅಂದಾಜಿಸಿತು. ಆ ವರದಿಯನ್ನು ನಾನು ಓದಿದ್ದು ಇದೇ ಮೇಜಿನ ಮೇಲೆ, ಪತ್ರಿಕಾ ತುಣುಕುಗಳನ್ನು ವಿಂಗಡಿಸುವಾಗ. ಓದಿದೆ, ಆರೋಗ್ಯದ ಕಡತಕ್ಕೆ ಅಂಟಿಸಿದೆ, ಒಂದು ಗಂಟೆಗೆ ಎದ್ದು ಹೋದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ದಣಿವಲ್ಲ. ಇಲ್ಲಿ ಕುಳಿತಾಗ ಅಲ್ಲಿನ ತಾಳೆಯಾಗದ ವೋಚರು ನೆನಪಿಗೆ ಬರುವುದು, ಅಲ್ಲಿ ಕುಳಿತಾಗ ಇಲ್ಲಿ ವರ್ಗೀಕರಿಸದೆ ಬಿಟ್ಟ ಪುಸ್ತಕಗಳ ಅಟ್ಟಿ ಕಣ್ಣೆದುರು ನಿಲ್ಲುವುದು. ಇದು ದಿನವೂ ನಡೆಯುತ್ತಿತ್ತು. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರ ಪ್ರಬಂಧವೊಂದರಲ್ಲಿ ಇದಕ್ಕೆ ಗಮನದ ಶೇಷವೆಂಬ ಅರ್ಥದ ಹೆಸರನ್ನು ಕೊಟ್ಟಿದ್ದಾರೆ: ಮುಗಿಯದ ಕೆಲಸದಿಂದ ಎದ್ದು ಇನ್ನೊಂದಕ್ಕೆ ಕುಳಿತಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಉಳಿದು, ಹೊಸ ಕೆಲಸದ ಗುಣಮಟ್ಟ ಕುಗ್ಗುತ್ತದೆ. ಭಾಗಾಕಾರ ಮುಗಿದರೂ ಕೆಳಗೆ ಉಳಿದುಬಿಡುವ ಅಂಕಿ ಅದು. ಗ್ರಂಥಾಲಯದಲ್ಲಿ ಅದರ ಬೆಲೆ ಏನೆಂದು ಹೇಳುತ್ತೇನೆ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ಕಪಾಟಿನಲ್ಲಿ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಭಾಷೆಯ ಸಂಖ್ಯೆ 494.814, ಕನ್ನಡ ಸಾಹಿತ್ಯದ್ದು 894.814. ಗಮನ ಬೇರೆಡೆ ಇರುವಾಗ ಮೊದಲನೆಯ ಅಂಕಿ ತಪ್ಪಿದರೆ ವ್ಯಾಕರಣ ಗ್ರಂಥವೊಂದು ಸಾಹಿತ್ಯದ ಕಪಾಟಿಗೆ ಹೋಗಿ ಕೂರುತ್ತದೆ, ಮತ್ತು ತಪ್ಪಾದ ಕಪಾಟಿನಲ್ಲಿರುವ ಪುಸ್ತಕ ಓದುಗರ ಪಾಲಿಗೆ ಕಳೆದುಹೋದ ಪುಸ್ತಕವೇ. ಆ ಒಂದು ಅಂಕಿಯನ್ನು ನಾನು ಒಮ್ಮೆಯಲ್ಲ, ಮೂರು ಬಾರಿ ತಪ್ಪಿ ಬರೆದಿದ್ದೇನೆ.

ಇಷ್ಟಪಟ್ಟು ಮಾಡುವ ಕೆಲಸ ದಣಿಸುವುದಿಲ್ಲ ಎನ್ನುವವರಿದ್ದಾರೆ. ನಾನು ಆ ಮಾತನ್ನು ಒಪ್ಪಲಾರೆ. ಈ ಆರು ವರ್ಷವೂ ನನಗೆ ಗ್ರಂಥಾಲಯ ಇಷ್ಟವೇ ಆಗಿತ್ತು.

ಒಂದು ಮಧ್ಯಾಹ್ನ 12.50ಕ್ಕೆ ಒಬ್ಬ ವಿದ್ಯಾರ್ಥಿನಿ ಬಂದು, ಒಂದು ಸಸ್ಯದ ಹೆಸರು ಹಳೆಯ ನಿಘಂಟುಗಳಲ್ಲಿ ಯಾವ ಯಾವ ರೂಪಗಳಲ್ಲಿ ದಾಖಲಾಗಿದೆ ಎಂದು ನೋಡಬೇಕು, ಹೇಗೆ ಹುಡುಕುವುದೆಂದು ತಿಳಿಯದು ಎಂದರು. ಬಹಳ ಒಳ್ಳೆಯ ಪ್ರಶ್ನೆ. ಅಂತಹ ಪ್ರಶ್ನೆಗಾಗಿಯೇ ನಾನು ಗ್ರಂಥಾಲಯ ವಿಜ್ಞಾನ ಓದಿದ್ದೆ. ನನ್ನ ಬಾಯಿಂದ ಬಂದದ್ದು, "ನಾಳೆ ಬೆಳಿಗ್ಗೆ ಬನ್ನಿ" ಎಂಬ ಮಾತು. ಅವರು ಇಂದಿನ ತರಗತಿಗಳನ್ನು ಬಿಟ್ಟು ಬಂದದ್ದಾಗಿ ಮೆಲ್ಲಗೆ ಹೇಳಿ, ಧನ್ಯವಾದ ಹೇಳಿ ಹೋದರು. ಮರುದಿನ ನಾನು ಐದು ನಿಘಂಟುಗಳನ್ನು ತೆಗೆದಿರಿಸಿ ಕಾದೆ. ಅವರು ಮತ್ತೆ ಬರಲಿಲ್ಲ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಿ ಎಂಬುದು. ಪರೀಕ್ಷೆಯಲ್ಲಿ ಆ ಸೂತ್ರಕ್ಕೆ ಎರಡು ಪುಟ ಉತ್ತರ ಬರೆದಿದ್ದ ನಾನು, ಎದುರಿಗೆ ನಿಂತಿದ್ದ ಓದುಗರ ಒಂದು ಇಡೀ ದಿನವನ್ನು ಹಾಳುಮಾಡಿ ಕಳಿಸಿದ್ದೆ. ಕಚೇರಿಗೆ ಹೋಗುವ ದಾರಿಯುದ್ದಕ್ಕೂ ಅಂದು ಅತ್ತೆ.

ಪೂರ್ಣಾವಧಿ ಹುದ್ದೆಗೆ ನಾನು ಎರಡು ಬಾರಿ ಅರ್ಜಿ ಹಾಕಿ, ಎರಡು ಬಾರಿಯೂ ಸಂದರ್ಶನದವರೆಗೆ ಹೋಗಿ ಹಿಂದಿರುಗಿದ್ದೆ. ಹಿರಿಯ ಗ್ರಂಥಪಾಲಕರು ನಿವೃತ್ತರಾದ ಮೇಲೆ ಮೂರನೆಯ ಬಾರಿಗೆ ಆಯ್ಕೆಯಾದೆ. ಎರಡು ಸಂಬಳ ಕೂಡಿ ಬರುತ್ತಿದ್ದುದಕ್ಕಿಂತ ಈ ಒಂದು ಸಂಬಳ ಐದರಲ್ಲಿ ಒಂದು ಪಾಲು ಕಡಿಮೆ. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ, ಕಡಿಮೆ ಸಂಬಳದಲ್ಲೇ ಬದುಕುತ್ತಿರುವಂತೆ ಎರಡು ತಿಂಗಳು ಖರ್ಚು ಮಾಡಿ ನೋಡಿದೆವು. ಮನೆಯವರೆಲ್ಲರೂ ಕುಳಿತು ಬರೆದ ಆ ಲೆಕ್ಕದ ಹಾಳೆಯೇ ಈಗ ತೆರೆಯ ಮೇಲಿದೆ. ಕಷ್ಟವಿತ್ತು, ಆದರೆ ತಾಳೆಯಾಯಿತು. ಇಂತಹ ನಿರ್ಧಾರದ ಮುಂದೆ ನಿಂತಿರುವವರು ಬೇರೇನನ್ನು ಬಿಟ್ಟರೂ ಈ ಪರೀಕ್ಷೆಯನ್ನು ಬಿಡಬಾರದೆಂದು ಕೇಳಿಕೊಳ್ಳುತ್ತೇನೆ.

ಕಚೇರಿಯನ್ನು ಬಿಡುವುದು ನಾನೆಣಿಸಿದಷ್ಟು ಸುಲಭವಾಗಿರಲಿಲ್ಲ. ಮನೆ ನಡೆಸಲು ಆಸರೆಯಾದದ್ದು ಆ ಕೆಲಸವೇ. ಒಂದು ತಿಂಗಳ ನೋಟಿಸ್ ಅವಧಿಯಲ್ಲಿ ಪ್ರತಿ ಖಾತೆಯ ಸ್ಥಿತಿ, ಬಾಕಿಯಿರುವ ಬಿಲ್ಲುಗಳು, ಯಾವ ದಾಖಲೆ ಎಲ್ಲಿದೆ ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ನನ್ನ ಜಾಗಕ್ಕೆ ಬಂದ ಕಿರಿಯ ಸಹೋದ್ಯೋಗಿಗೆ ಕೊಟ್ಟೆ. ಆತ ಪುಟ ತಿರುವಿ, "ಮೇಡಂ, ಇಷ್ಟೆಲ್ಲ ನೀವು ಅರ್ಧ ದಿನದಲ್ಲೇ ಮಾಡುತ್ತಿದ್ದಿರಾ?" ಎಂದು ಕೇಳಿದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಇಂದು ಮಧ್ಯಾಹ್ನ ಈ ಗಡಿಯಾರವನ್ನು ಚಿತ್ರೀಕರಿಸುತ್ತಿದ್ದಾಗ 12.45 ಆಯಿತು. ನನ್ನ ಕೈ ತಾನಾಗಿಯೇ ಚೀಲದತ್ತ ಹೋಯಿತು. ನೀವೂ ಅದನ್ನು ಈ ದೃಶ್ಯದಲ್ಲಿ ಕಾಣಬಹುದು. ಆಗಲೇ ವಯಸ್ಸಾದವರೊಬ್ಬರು ಕನ್ನಡಕ ಒರೆಸಿಕೊಳ್ಳುತ್ತ ಮೇಜಿನ ಬಳಿಗೆ ಬಂದು, ತಮಗೊಂದು ಹಳೆಯ ಪತ್ರಿಕೆಯ ಸಂಚಿಕೆ ಬೇಕಾಗಿದೆ, ವರ್ಷ ಸರಿಯಾಗಿ ನೆನಪಿಲ್ಲ, ಹುಡುಕಲು ತುಂಬ ಹೊತ್ತಾಗಬಹುದೇನೋ ಎಂದರು. ಅವರನ್ನು ಚಿತ್ರೀಕರಿಸುವುದು ಸರಿಯಲ್ಲವಾದ್ದರಿಂದ ನಾನು ಕ್ಯಾಮೆರಾ ಆರಿಸಿ, ಎದುರಿನ ಕುರ್ಚಿಯನ್ನು ಅವರಿಗಾಗಿ ಹೊರಕ್ಕೆಳೆದೆ.