ಅರ್ಜಿ ಯಾರಿಗೆ ಬರೆಯಬೇಕು?

(ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ ಪದವಿ ಮೊದಲ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಅರ್ಧ ಜನಕ್ಕೆ ನನ್ನ ಮುಖ ಗೊತ್ತು. ತಹಶೀಲ್ದಾರ್ ಕಚೇರಿ ಎದುರಿನ ಝೆರಾಕ್ಸ್ ಅಂಗಡಿ ನನ್ನದು. ಸ್ಕಾಲರ್‌ಶಿಪ್, ಹಾಲ್‌ಟಿಕೆಟ್, ಜಾತಿ-ಆದಾಯ ಪತ್ರ, ಎಲ್ಲದಕ್ಕೂ ಅಲ್ಲಿಗೇ ಬರುತ್ತೀರಿ. ಇವತ್ತು ಇಲ್ಲಿ ನೋಡಿ "ಅಕ್ಕಾರ, ನೀವ್ಯಾಕ ಇಲ್ಲಿ?" ಅಂತ ಬಾಗಿಲಲ್ಲೇ ಒಬ್ಬ ಕೇಳಿದ. ನಿಮ್ಮ ಮೇಡಂ ಕರೆದರು, ಬಂದೆ.

ಕರೆದ ಕಾರಣ ಇಷ್ಟು. ಹೋದ ವರ್ಷ ನಿಮ್ಮ ಸೀನಿಯರ್‌ಗಳು ಗುಂಪುಗುಂಪಾಗಿ ಅಂಗಡಿಗೆ ಬಂದಿದ್ದರು. ರಾಜ್ಯ ಸರ್ಕಾರದ ಬಗ್ಗೆ ಒಂದು ಆನ್‌ಲೈನ್ ಕೋರ್ಸಿಗೆ ಹೆಸರು ಸೇರಿಸಬೇಕಿತ್ತು. ಹನ್ನೆರಡು ವಾರದ ಪರಿಚಯ ಪಾಠ. ತಲೆಗೆ ಇಪ್ಪತ್ತು ರೂಪಾಯಿ ತಗೊಂಡು ನಲವತ್ತು ಜನರ ಹೆಸರು ಹಾಕಿಕೊಟ್ಟೆ. ಒಬ್ಬ ಹುಡುಗನ ಒಟಿಪಿ ಎಷ್ಟು ಹೊತ್ತಾದರೂ ಬರಲಿಲ್ಲ. ಕಾಯುತ್ತಾ ಕೂತವಳು ಸುಮ್ನೆ ಮೊದಲ ವಿಡಿಯೊ ಒತ್ತಿದೆ. "ನಿಮ್ಮ ದಿನದ ಬದುಕಿಗೆ ಅತಿ ಹತ್ತಿರದ ಸರ್ಕಾರ ಯಾವುದು?" ಅಂತ ಕೇಳುತ್ತಿದ್ದರು. ನನಗೆ ನಗು ಬಂತು. ಎದ್ದು ನಿಂತರೆ ಕಾಣುತ್ತದೆ, ರಸ್ತೆಯ ಆ ಕಡೆ. ನಲವತ್ತೊಂದನೆಯ ಹೆಸರು ನನ್ನದೇ ಹಾಕಿದೆ.

ನಾನು ಬಿ.ಕಾಂ. ಎರಡನೇ ವರ್ಷಕ್ಕೆ ಬಿಟ್ಟವಳು. ಇಂಗ್ಲಿಷ್ ಪಾಠ ಕಷ್ಟ. ವಿಡಿಯೊ ನಿಲ್ಲಿಸಿ ನಿಲ್ಲಿಸಿ ಕೇಳಿದೆ. ಹಗಲು ಗಿರಾಕಿ, ರಾತ್ರಿ ಅಡುಗೆ ಆದ ಮೇಲೆ ಪಾಠ. ವಾರದ ಅಸೈನ್‌ಮೆಂಟ್ ರಾತ್ರಿ 11:59ಕ್ಕೆ ಮುಚ್ಚುತ್ತದೆ. 11:50ಕ್ಕೆ ಕರೆಂಟು ಹೋದರೆ ಏನಾಗುತ್ತದೆ ಅಂತ ಆ ಕೋರ್ಸು ಮಾಡಿದವರು ಯೋಚಿಸಿರಲಿಕ್ಕಿಲ್ಲ. ಎರಡು ವಾರದ ಅಂಕ ಹಾಗೇ ಹೋಯಿತು.

ನನಗೆ ಆ ಕೋರ್ಸು ಯಾಕೆ ಬೇಕಿತ್ತು ಅಂತ ಹೇಳುತ್ತೇನೆ. ಹದಿನಾರು ವರ್ಷದಿಂದ ಜನರ ಅರ್ಜಿ ಬರೆಯುತ್ತಿದ್ದೇನೆ. "ಅಕ್ಕಾರ, ಒಂದ್ ಅರ್ಜಿ ಬರದ ಕೊಡ್ರಿ" ಅನ್ನುತ್ತಾರೆ. "ಯಾರಿಗೆ ಬರೀಲಿ?" ಅಂದರೆ "ಸರ್ಕಾರಕ್ಕ" ಅನ್ನುತ್ತಾರೆ. ನಾನೂ ಹೆಚ್ಚು ವಿಚಾರ ಮಾಡುತ್ತಿರಲಿಲ್ಲ. ಮೇಲೆ ಮುಖ್ಯಮಂತ್ರಿಗಳು, ಕೆಳಗೆ ಜಿಲ್ಲಾಧಿಕಾರಿಗಳು, ಒಂದು ಪ್ರತಿ ಶಾಸಕರಿಗೆ. ಒಂದೇ ಅರ್ಜಿ ಮೂರು ಪ್ರಿಂಟು. ಅದರಲ್ಲಿ ಎಷ್ಟು ಸರಿಯಾದ ಮೇಜಿಗೆ ಹೋದವೋ ದೇವರಿಗೇ ಗೊತ್ತು. ಹಣ ಮಾತ್ರ ನಾನು ಮೂರು ಪ್ರಿಂಟಿಗೂ ತಗೊಂಡಿದ್ದೇನೆ.

ಮೂರನೇ ವಾರದ ಪಾಠ ಸಂವಿಧಾನದ ಏಳನೇ ಅನುಸೂಚಿ. ಅಲ್ಲಿ ಮೂರು ಪಟ್ಟಿಗಳಿವೆ. ಕೇಂದ್ರದ್ದು, ರಾಜ್ಯದ್ದು, ಇಬ್ಬರಿಗೂ ಸೇರಿದ್ದು. ಮೊದಲಿಗೆ 97, 66, 47 ವಿಷಯಗಳಿದ್ದವು. ಪೊಲೀಸ್, ಆಸ್ಪತ್ರೆ, ಭೂಮಿ, ಕೃಷಿ ರಾಜ್ಯದ್ದು. ರೈಲು, ಅಂಚೆ ಕೇಂದ್ರದ್ದು. ನೀವು ಇದನ್ನು ಪಿಯುಸಿಯಲ್ಲೇ ಬಾಯಿಪಾಠ ಮಾಡಿದ್ದೀರಿ. ಆದರೆ ಕೈಯಲ್ಲಿ ಒಬ್ಬರ ಅರ್ಜಿ ಹಿಡಿದುಕೊಂಡು ಆ ಪಟ್ಟಿ ಓದಿ ನೋಡಿ, ಬೇರೆಯೇ ಕಾಣುತ್ತದೆ.

ಕಬ್ಬನ್ನೇ ತಗೊಳ್ಳಿ. ನಮ್ಮ ಜಿಲ್ಲೆಯಲ್ಲಿ ಕಬ್ಬಿನ ಬಿಲ್ಲಿನ ಅರ್ಜಿ ಬರೆಯದ ಝೆರಾಕ್ಸ್ ಅಂಗಡಿ ಇಲ್ಲ. ದರ ಕಡಿಮೆ ಅಂತ ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂರುತ್ತಾರೆ. ಎಫ್‌ಆರ್‌ಪಿ ಅಂತೀವಲ್ಲ, ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ಅದನ್ನು ಗೊತ್ತು ಮಾಡುವುದು ಕೇಂದ್ರ ಸರ್ಕಾರ, 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ. ಅಂದರೆ ಜಿಲ್ಲಾಧಿಕಾರಿ ಕಚೇರಿ ತಪ್ಪು ಬಾಗಿಲು ಅಂತ ನಾನು ಅಸೈನ್‌ಮೆಂಟಿನಲ್ಲಿ ಬರೆದೆ. ಬಹಳ ಜಾಣತನ ಮಾಡಿದೆ ಅಂದುಕೊಂಡೆ. ಆಮೇಲೆ ಆ ಆದೇಶವನ್ನೇ ತೆಗೆದು ಓದಿದರೆ ನಾನು ಬರೆದದ್ದು ಅರ್ಧ ಸುಳ್ಳು. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕಾದವರು ಜಿಲ್ಲಾಧಿಕಾರಿಗಳೇ. ಕಬ್ಬು ಖರೀದಿ, ಪೂರೈಕೆಗೆ ರಾಜ್ಯದ್ದೇ 2013ರ ಕಾಯ್ದೆ ಬೇರೆ ಇದೆ. ಅಂದರೆ ದರದ ಮಾತಿಗೆ ಒಂದು ಬಾಗಿಲು, ಬಾಕಿಯ ಮಾತಿಗೆ ಇನ್ನೊಂದು. ಈಗ ಅಂಗಡಿಗೆ ಯಾರಾದರೂ ಕಬ್ಬಿನ ಅರ್ಜಿ ಅಂತ ಬಂದರೆ "ಕಾಕಾ, ದರದ್ದೋ ಬಾಕಿದ್ದೋ?" ಅಂತ ಮೊದಲು ಕೇಳುತ್ತೇನೆ. ಬಾಕಿಯದ್ದಾದರೆ ಕಬ್ಬು ಕಳಿಸಿದ ತಾರೀಕು ಬರೆಸಿ, 14 ದಿನ ಎಣಿಸಿ, ಬಡ್ಡಿಯ ಸಾಲು ಸೇರಿಸುತ್ತೇನೆ. ಆ ಸಾಲು ಮೊದಲು ನಾನು ಒಂದೇ ಒಂದು ಅರ್ಜಿಯಲ್ಲೂ ಬರೆದಿರಲಿಲ್ಲ.

ನೀರಿನದ್ದೂ ಹೀಗೇ. ನೀರು ರಾಜ್ಯ ಪಟ್ಟಿಯ 17ನೇ ವಿಷಯ. ಓದಿ ಖುಷಿಯಾಯಿತು. ಮುಂದೆ ನೋಡಿದರೆ, ಕೇಂದ್ರ ಪಟ್ಟಿಯ 56ಕ್ಕೆ ಒಳಪಟ್ಟು ಅಂತ ಇದೆ. 56 ಅಂದರೆ ರಾಜ್ಯಗಳ ನಡುವೆ ಹರಿಯುವ ನದಿಗಳು. ಮಲಪ್ರಭೆಗೆ ಕಳಸಾ-ಬಂಡೂರಿ ಹಳ್ಳದ ನೀರು ತರುತ್ತೇವೆ ಅಂತ ನಾನು ಚಿಕ್ಕವಳಿದ್ದಾಗಿನಿಂದ ಕೇಳುತ್ತಿದ್ದೇನೆ. ಖಾನಾಪುರ ನಮ್ಮದೇ ಜಿಲ್ಲೆಯ ತಾಲೂಕು, ಹಳ್ಳ ನಮ್ಮದೇ, ಮತ್ತೆ ತಡ ಯಾಕೆ ಅಂತ ಅನಿಸುತ್ತಿತ್ತು. ಆ ಹಳ್ಳ ಮುಂದೆ ಮಹದಾಯಿ ಸೇರಿ ಗೋವಾಕ್ಕೆ ಹೋಗುತ್ತದೆ. ಅಲ್ಲಿಗೆ ಅದು ನಮ್ಮೊಬ್ಬರದ್ದಲ್ಲ. ಮಹದಾಯಿ ನ್ಯಾಯಮಂಡಳಿ ತೀರ್ಪು ಬಂದದ್ದು 2018ರಲ್ಲಿ.

ನಿಮಗೆ ನೇರ ತಟ್ಟಿದ್ದು ಶಿಕ್ಷಣ. ಅದು ಮೊದಲು ರಾಜ್ಯ ಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿಯಲ್ಲಿ ಇಬ್ಬರಿಗೂ ಸೇರಿದ ಪಟ್ಟಿಗೆ ಹೋಯಿತು. ನಿಮ್ಮ ಸೀನಿಯರ್‌ಗಳಿಗೆ ನಾಲ್ಕು ವರ್ಷದ ಪದವಿ ಅಂತ ಬಂತು, ನಿಮ್ಮ ಹೊತ್ತಿಗೆ ಮತ್ತೆ ಮೂರು ವರ್ಷ ಆಯಿತು, ಅಲ್ವಾ? ಆ ಹಗ್ಗಜಗ್ಗಾಟದ ಬೇರು ಅಲ್ಲಿದೆ.

ಗಡಿಯ ವಿಷಯ ಬಂದಾಗ ನಾನು ಪೂರ್ತಿ ಎಚ್ಚರವಾದೆ. ಬೆಳಗಾವಿಯವರಿಗೆ ಹೇಳಬೇಕೇ. ಕ್ವಿಜ್‌ನಲ್ಲಿ ಪ್ರಶ್ನೆ: ರಾಜ್ಯದ ಗಡಿ ಬದಲಿಸುವ ಅಧಿಕಾರ ಯಾರಿಗಿದೆ? ಉತ್ತರ ಸಂಸತ್ತು, 3ನೇ ವಿಧಿ. ರಾಜ್ಯದ ಅಭಿಪ್ರಾಯ ಕೇಳಬೇಕು, ಆದರೆ ಅದಕ್ಕೆ ಕಟ್ಟುಬೀಳಬೇಕಿಲ್ಲ. ಇಷ್ಟು ದಿನ ಎರಡೂ ಕಡೆ ಬಸ್ಸಿಗೆ ಮಸಿ ಬಳಿದವರು ಇದನ್ನು ಓದಿದ್ದರೆ ಮಸಿಯಾದರೂ ಉಳಿಯುತ್ತಿತ್ತು. ಈ ಗಡಿ ಜಗಳ ನೋಡಲು ಕೇಂದ್ರ ನೇಮಿಸಿದ ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟಿತು. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.

1956ರ ತನಕ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಅದು ನನ್ನ ಅಂಗಡಿಯಲ್ಲಿ ದಿನಾ ಕೇಳಿಸುತ್ತದೆ. ಬೆಂಗಳೂರಿನವರು ಪಹಣಿ ಅಂದರೆ ನಮ್ಮವರು "ಉತಾರ ತಗದ ಕೊಡ್ರಿ" ಅನ್ನುತ್ತಾರೆ. ಗ್ರಾಮ ಆಡಳಿತಾಧಿಕಾರಿ ಅಂತ ಬೋರ್ಡು ಹಾಕಿದರೂ ಜನರ ಬಾಯಲ್ಲಿ ತಲಾಟಿ. ಉಪವಿಭಾಗಾಧಿಕಾರಿಗಳ ಕಚೇರಿ ಪ್ರಾಂತ ಕಚೇರಿಯೇ. ನಮ್ಮಜ್ಜ ತಹಶೀಲ್ದಾರರನ್ನು ಸಾಯೋತನಕ ಮಾಮಲೇದಾರ ಅಂತಲೇ ಕರೆದ. ಕೋರ್ಸಿನಲ್ಲಿ ಈ ಶಬ್ದ ಒಂದೂ ಇರಲಿಲ್ಲ. ಇದ್ದಿದ್ದರೆ ನನಗೆ ಐದು ಅಂಕ ಜಾಸ್ತಿ ಬರುತ್ತಿತ್ತು.

ಮಂತ್ರಿಮಂಡಲದ ಪಾಠದಲ್ಲಿ ಒಂದು ಲೆಕ್ಕ. ನಮ್ಮ ವಿಧಾನಸಭೆಯಲ್ಲಿ 224 ಸ್ಥಾನ. ಅದರಲ್ಲಿ ಬೆಳಗಾವಿ ಜಿಲ್ಲೆಯವೇ 18. 2003ರ 91ನೇ ತಿದ್ದುಪಡಿಯ ಪ್ರಕಾರ ಮುಖ್ಯಮಂತ್ರಿ ಸೇರಿ ಮಂತ್ರಿಗಳು ಶೇಕಡಾ 15ಕ್ಕಿಂತ ಜಾಸ್ತಿ ಇರಬಾರದು. 224ಕ್ಕೆ ಲೆಕ್ಕ ಹಾಕಿದರೆ 33.6. ನಾನು 33 ಅಂತ ಬರೆದೆ. ಜಾಸ್ತಿ ಇರಬಾರದು ಅಂದ ಮೇಲೆ 34 ಹೇಗಾಗುತ್ತದೆ? ನಮ್ಮಲ್ಲಿ ನಡೆದುಬಂದದ್ದು 34. ನನಗೆ ಸೊನ್ನೆ. ಆ ಪಾಯಿಂಟ್ ಆರು ಮಂತ್ರಿ ಯಾರು ಅಂತ ಇನ್ನೂ ಹುಡುಕುತ್ತಿದ್ದೇನೆ.

ರಾಜ್ಯಪಾಲರು, ಸುಗ್ರೀವಾಜ್ಞೆ, ಹಣಕಾಸು ಮಸೂದೆ ಎಲ್ಲ ಓದಿದೆ, ಪರೀಕ್ಷೆ ಬರೆದೆ, ಅರ್ಧ ಮರೆತೆ. ಮರೆಯದ್ದು ಎಸ್.ಆರ್. ಬೊಮ್ಮಾಯಿ ಪ್ರಕರಣ. ಪಾಠ ಹೇಳುವವರು ಉತ್ತರದ ಕಡೆಯವರು, ಆ ಹೆಸರನ್ನು "ಬೋಮೈ" ಅನ್ನುತ್ತಿದ್ದರು. ಇದು ಯಾರಪ್ಪ ಅಂತ ಎರಡು ನಿಮಿಷ ಒದ್ದಾಡಿದೆ. ನೋಡಿದರೆ ಪಕ್ಕದ ಹುಬ್ಬಳ್ಳಿಯಿಂದ ಗೆದ್ದು ಮುಖ್ಯಮಂತ್ರಿ ಆದವರು! 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರವನ್ನು ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿಯಲ್ಲಿ ವಜಾ ಮಾಡಿದರು. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಅಂತ ಅವರು ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠದ ತೀರ್ಪು ಬಂತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನ ಆಗಬೇಕು, ರಾಜಭವನದಲ್ಲಿ ಅಲ್ಲ. ಟಿವಿಯಲ್ಲಿ "ವಿಶ್ವಾಸಮತ" ಅಂತ ರಾತ್ರಿಯಿಡೀ ಕೂಗುತ್ತಾರಲ್ಲ, ಅದರ ಹಿಂದೆ ಈ ತೀರ್ಪಿದೆ. ಅಷ್ಟು ಹೊತ್ತಿಗೆ ಅವರ ಸರ್ಕಾರ ಹೋಗಿ ಐದು ವರ್ಷ ಆಗಿತ್ತು ಅನ್ನುವುದನ್ನೂ ನೆನಪಿಟ್ಟುಕೊಳ್ಳಿ.

ಸದನ ಅಂದರೆ ನಮಗೆ ದೂರದ ಮಾತಲ್ಲ. 2006ರಲ್ಲಿ ಬೆಳಗಾವಿಯಲ್ಲಿ ಮೊದಲ ಅಧಿವೇಶನ ಆಯಿತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಸುವರ್ಣ ವಿಧಾನಸೌಧ ಉದ್ಘಾಟಿಸಿದರು. ಚಳಿಗಾಲದ ಅಧಿವೇಶನ ಬಂತೆಂದರೆ ನನಗೆ ಸುಗ್ಗಿ. ಎಲ್ಲ ಸಂಘಟನೆಯವರಿಗೂ ಮನವಿ ಪತ್ರ ಬೇಕು. ಹಲಗಾ ಹತ್ತಿರ ಟೆಂಟ್ ಹಾಕಿ ಕೂರುತ್ತಾರೆ, ಮಂತ್ರಿ ಒಬ್ಬರು ಬಂದು ಮನವಿ ತಗೊಂಡು ಹೋಗುತ್ತಾರೆ. ಮುಂದಿನ ಡಿಸೆಂಬರ್‌ಗೆ ಅದೇ ಮನವಿ, ತಾರೀಕು ಮಾತ್ರ ಬದಲು. ಫೈಲ್ ನನ್ನ ಕಂಪ್ಯೂಟರಿನಲ್ಲೇ ಇರುತ್ತದೆ.

ಕೋರ್ಸಿನಿಂದ ನನಗೆ ಗೊತ್ತಾದ ಇನ್ನೊಂದು ದಾರಿ ಪ್ರಶ್ನೋತ್ತರ. ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು. ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ ಉತ್ತರ. ಅವೆಲ್ಲ ವಿಧಾನಸಭೆಯ ವೆಬ್‌ಸೈಟಿನಲ್ಲಿ ಕನ್ನಡದಲ್ಲೇ ಇವೆ. ಯಾವ ಊರಿನ ಯಾವ ರಸ್ತೆಗೆ ಎಷ್ಟು ಹಣ, ಯಾವ ಆಸ್ಪತ್ರೆಯಲ್ಲಿ ಎಷ್ಟು ಹುದ್ದೆ ಖಾಲಿ. ಎರಡು ರಾತ್ರಿ ಅದನ್ನೇ ಓದಿದೆ, ಧಾರಾವಾಹಿ ಬಿಟ್ಟು. ಈಗ ಮನವಿ ಬರೆಸಲು ಬಂದವರಿಗೆ ಹೇಳುತ್ತೇನೆ: ಮನವಿ ಕೊಡಿ, ಜೊತೆಗೆ ನಿಮ್ಮ ಶಾಸಕರಿಗೆ ಒಂದು ಪ್ರಶ್ನೆ ಬರೆದುಕೊಡಿ. ಮನವಿಗೆ ಉತ್ತರ ಬರಬಹುದು, ಬರದೆಯೂ ಇರಬಹುದು. ಸದನದಲ್ಲಿ ಕೇಳಿದ ಪ್ರಶ್ನೆಗೆ ಏನೋ ಒಂದು ದಾಖಲೆ ಉಳಿಯುತ್ತದೆ.

ಜಾತಿ ಪತ್ರ, ಆದಾಯ ಪತ್ರ ತಡವಾದರೆ ಶಾಸಕರ ತನಕ ಹೋಗುವುದೇನೂ ಬೇಡ. ಇಂತಿಷ್ಟು ದಿನದೊಳಗೆ ಕೆಲಸ ಆಗಬೇಕು ಅನ್ನುವ 2011ರ ಸಕಾಲ ಕಾಯ್ದೆ ಇದೆ. ಚೀಟಿಯ ಮೇಲಿನ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇಟ್ಟುಕೊಳ್ಳಿ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರ ಕೇಳಬಹುದು. ಹದಿನಾರು ವರ್ಷದಲ್ಲಿ ಅದನ್ನು ಕೇಳಿದ ಒಬ್ಬರನ್ನೂ ನಾನು ನೋಡಿಲ್ಲ. ನೀವು ಆ ಚೀಟಿಯನ್ನು ನನ್ನ ಅಂಗಡಿಯಲ್ಲೇ ಬಿಸಾಕಿ ಹೋಗುತ್ತೀರಿ.

ಕೊನೆಗೆ ವಿಧಾನ ಪರಿಷತ್ತು. ದೇಶದಲ್ಲಿ ಆರೇ ರಾಜ್ಯಗಳಲ್ಲಿದೆ. ನಮ್ಮಲ್ಲಿ 75 ಸದಸ್ಯರು. 25 ಜನರನ್ನು ಶಾಸಕರು, 25 ಜನರನ್ನು ಪಂಚಾಯ್ತಿ, ಪುರಸಭೆಯಂಥ ಸ್ಥಳೀಯ ಸಂಸ್ಥೆಗಳವರು ಆರಿಸುತ್ತಾರೆ. 7 ಪದವೀಧರರಿಂದ, 7 ಶಿಕ್ಷಕರಿಂದ, 11 ನಾಮನಿರ್ದೇಶನದಿಂದ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೇರಿ ವಾಯವ್ಯ ಪದವೀಧರ ಕ್ಷೇತ್ರ. ಪದವಿ ಮುಗಿದು ಮೂರು ವರ್ಷ ಆದವರು ಫಾರಂ 18 ತುಂಬಿ ಹೆಸರು ಸೇರಿಸಬೇಕು. ಮಾಮೂಲಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ಓಟು ಹಾಕುವುದೂ ಬೇರೆ ರೀತಿ, ಬಟನ್ ಇಲ್ಲ, ಹೆಸರಿನ ಮುಂದೆ 1, 2, 3 ಅಂತ ಬರೆಯಬೇಕು.

ಆ ಚುನಾವಣೆ ಬಂದಾಗಲೆಲ್ಲ ನೂರಾರು ಫಾರಂ 18 ತುಂಬಿಕೊಟ್ಟಿದ್ದೇನೆ. ನನ್ನದು ತುಂಬಲು ಬರುವುದಿಲ್ಲ, ಡಿಗ್ರಿ ಇಲ್ಲವಲ್ಲ. ಊರಿಗೊಬ್ಬ ಪದವೀಧರ ಇದ್ದ ಕಾಲದಲ್ಲಿ ಹಾಗೆ ಮಾಡಿದ್ದಕ್ಕೆ ಅರ್ಥ ಇತ್ತೇನೋ. ಈಗ ನೋಡಿದರೆ ಅರ್ಜಿಯಲ್ಲಿ ತಾರೀಕು ಎಲ್ಲಿ ಬರೆಯಬೇಕು ಅಂತ ನನ್ನನ್ನೇ ಕೇಳುವ ಪದವೀಧರರಿಗೆ ಒಂದು ಓಟು ಜಾಸ್ತಿ, ಅದನ್ನು ಬರೆದುಕೊಡುವ ನನಗಿಲ್ಲ. ಇದನ್ನೇ ಕೊನೆಯ ಅಸೈನ್‌ಮೆಂಟಿನಲ್ಲಿ ಬರೆದೆ. ಹತ್ತಕ್ಕೆ ಎಂಟು ಬಂತು.

ಪರೀಕ್ಷೆ ಬೆಳಗಾವಿಯಲ್ಲಿತ್ತು. ಬೆಳಗಿನ ಬಸ್ಸಿಗೆ ಹೋದೆ. ಕೇಂದ್ರದ ಕಂಪ್ಯೂಟರ್ ನಡುವೆ ಎರಡು ಸಲ ನಿಂತಿತು. ಆದರೂ ನೂರಕ್ಕೆ 61. ನಲವತ್ತು ಹುಡುಗರಲ್ಲಿ ಪರೀಕ್ಷೆಗೆ ಬಂದವರು ಆರು. ಉಳಿದವರು ಎರಡನೇ ವಾರಕ್ಕೇ ಪಾಸ್‌ವರ್ಡ್ ಮರೆತಿದ್ದರು.

ಈ ಸಲ ನೀವು ಹೆಸರು ಸೇರಿಸುವಾಗ ಪಾಸ್‌ವರ್ಡನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನಿಮ್ಮ ಮನೆಯಲ್ಲಿ ಸಿಕ್ಕಿಬಿದ್ದಿರುವ ಒಂದು ಅರ್ಜಿ ಇದ್ದೇ ಇರುತ್ತದೆ. ಅದರ ಝೆರಾಕ್ಸ್ ಪಕ್ಕದಲ್ಲಿಟ್ಟುಕೊಂಡು ಪಾಠ ಕೇಳಿ. ಪದವಿ ಮುಗಿಸಿ ಮೂರು ವರ್ಷ ಆದ ಮೇಲೆ ಅಂಗಡಿಗೆ ಬನ್ನಿ. ಫಾರಂ 18ರ ಪ್ರಿಂಟು ಎರಡು ರೂಪಾಯಿ, ತುಂಬಿಕೊಡಲು ಹತ್ತು. ಕೋರ್ಸು ಪೂರ್ತಿ ಮಾಡಿದವರಿಂದ ಹತ್ತು ತಗೊಳ್ಳುವುದಿಲ್ಲ.

ಏನಾದರೂ ಕೇಳುವುದಿದ್ದರೆ ಬೇಗ ಕೇಳಿ. ನಾಲ್ಕಕ್ಕೆ ಅಂಗಡಿ ತೆಗೆಯುತ್ತೇನೆ ಅಂತ ಬೋರ್ಡು ಹಾಕಿ ಬಂದಿದ್ದೇನೆ.